ಶಿನ್ ಚಾನ್ ಮನೆಯ ಮಾತುಕತೆ, ನಮ್ಮ ಮನೆಯ ಹೊಟ್ಟೆನೋವು

ಸಂಜೆ ಶಾಲೆಯಿಂದ ಬಂದ ಮಗು ಚೀಲವನ್ನು ಮೂಲೆಗೆಸೆದು, ಕೈಕಾಲು ಕೂಡ ತೊಳೆಯದೆ ಟಿವಿ ಮುಂದೆ ಕುಳಿತುಬಿಡುತ್ತದೆ. ಪರದೆಯ ಮೇಲೆ ದಪ್ಪ ಹುಬ್ಬಿನ, ಆಲೂಗಡ್ಡೆ ಮುಖದ ಐದು ವರ್ಷದ ಪೋರನೊಬ್ಬ ತಾಯಿಗೆ ಎದುರುತ್ತರ ಕೊಡುತ್ತಿರುತ್ತಾನೆ. ನಿಮ್ಮ ಮಗು ಬಿದ್ದು ಬಿದ್ದು ನಗುತ್ತದೆ. ಅಡುಗೆಮನೆಯಿಂದ ನೀವು, "ಅದನ್ನ ಆರಿಸ್ತೀಯೋ ಇಲ್ವೋ?" ಎಂದು ಕೂಗುತ್ತೀರಿ. ಪರದೆಯ ಮೇಲಿನ ತಾಯಿಯೂ ಅದೇ ಹೊತ್ತಿಗೆ ಅದೇ ಧಾಟಿಯಲ್ಲಿ ಕೂಗುತ್ತಿರುತ್ತಾಳೆ!

"ಈ ಕಾರ್ಟೂನ್ ನೋಡಿ ನೋಡಿ ನಮ್ಮ ಹುಡುಗ ಕೆಟ್ಟುಹೋದ ಡಾಕ್ಟ್ರೇ, ಹೇಳಿದ ಮಾತೇ ಕೇಳೋದಿಲ್ಲ" ಎಂಬುದು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ತಾಯಂದಿರು ವೈದ್ಯರ ಮುಂದಿಡುವ ಸಾಮಾನ್ಯ ದೂರು. ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಕಾರ್ಟೂನನ್ನು ನೀವೂ ಒಂದು ವಾರ ಮಗುವಿನ ಪಕ್ಕದಲ್ಲಿ ಕುಳಿತು ನೋಡಿ. ಒಂದು ಕುಟುಂಬದಲ್ಲಿ ಯಾರು ಯಾವ ಪಾತ್ರ ವಹಿಸುತ್ತಾರೆ, ಯಾರ ಮಾತು ಯಾರನ್ನು ತಲುಪುತ್ತದೆ, ಯಾರದು ತಲುಪುವುದಿಲ್ಲ ಎಂಬುದೆಲ್ಲ ಅದರಲ್ಲಿ ಕಣ್ಣಿಗೆ ಕಟ್ಟಿದಂತಿದೆ. ಇದು ಆರೋಗ್ಯದ ಅಂಕಣಕ್ಕೆ ಏಕೆ ಎಂದು ಕೇಳುತ್ತೀರಾ? ನಮ್ಮ ಬಳಿ ಬರುವ ಮಕ್ಕಳ ಹೊಟ್ಟೆನೋವು, ತಾಯಂದಿರ ತಲೆನೋವು, ತಂದೆಯರ ಎದೆಯುರಿ ಇವುಗಳಲ್ಲಿ ಒಂದು ಪಾಲು ಮನೆಯ ಮಾತಿನಿಂದಲೇ ಹುಟ್ಟಿದ್ದು. ಅದಕ್ಕೇ ಈ ವಾರ ಈ ವಿಷಯ.

ಆ ಮನೆಯಲ್ಲಿ ಯಾರು ಯಾರು?

'ಶಿನ್ ಚಾನ್' ಜಪಾನಿನ ಕಥೆ. ಯೋಶಿತೊ ಉಸುಯಿ ಎಂಬ ಚಿತ್ರಕಾರ 1990ರಲ್ಲಿ ವಾರಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಆರಂಭಿಸಿದ್ದು 1992ರಲ್ಲಿ ಟಿವಿಗೆ ಬಂತು. ಉಸುಯಿ 2009ರಲ್ಲಿ ತೀರಿಕೊಂಡರೂ ಕಥೆ ನಿಲ್ಲಲಿಲ್ಲ. ನಮ್ಮ ದೇಶದಲ್ಲಿ 2006ರಿಂದ ಪ್ರಸಾರವಾಯಿತು. ಪೋಷಕರ ಆಕ್ಷೇಪಣೆಯಿಂದಾಗಿ 2008ರಲ್ಲಿ ಒಮ್ಮೆ ನಿಂತು, ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದ ಮೇಲೆ ಮತ್ತೆ ಬಂತು. ನಮ್ಮ ಗಡಿ ಜಿಲ್ಲೆಯ ಮಕ್ಕಳು ಇದನ್ನು ಹಿಂದಿಯಲ್ಲೋ ತಮಿಳಿನಲ್ಲೋ ನೋಡಿ ಎರಡು ಭಾಷೆ ಕಲಿತಿರುವುದೂ ಉಂಟು.

ಟೋಕಿಯೋ ಬಳಿಯ ಕಸುಕಾಬೆ ಎಂಬ ಊರಿನಲ್ಲಿ ನೊಹಾರಾ ಮನೆತನದ ಪುಟ್ಟ ಮನೆ. ತಂದೆ ಹಿರೋಶಿ ಕಚೇರಿಯೊಂದರ ನೌಕರ. ಮನೆ ಕಟ್ಟಿಸಿದ ಸಾಲ ಇನ್ನೂ 32 ವರ್ಷ ತೀರಿಸಬೇಕು. ಸಂಬಳವನ್ನು ಹೆಂಡತಿಯ ಕೈಗಿತ್ತು, ಅವಳು ಕೊಟ್ಟ ಕೈಖರ್ಚಿನಲ್ಲಿ ತಿಂಗಳು ದೂಡುತ್ತಾನೆ. ಸಂಜೆ ಸುಸ್ತಾಗಿ ಬಂದು, ನಾರುವ ಕಾಲುಚೀಲ ಬಿಚ್ಚಿ, ಒಂದು ಬಿಯರ್ ಹಿಡಿದು ಕೂರುತ್ತಾನೆ. ತಾಯಿ ಮಿಸಾಯೆ ಗೃಹಿಣಿ. ಮೂವತ್ತಕ್ಕೆ ಒಂದು ಕಡಿಮೆ. ರಿಯಾಯಿತಿ ಮಾರಾಟವೆಂದರೆ ಪ್ರಾಣ. ಗಂಡನಿಗೆ ತಿಳಿಯದಂತೆ ಒಂದಿಷ್ಟು ದುಡ್ಡು ಬಚ್ಚಿಡುತ್ತಾಳೆ. ನಮ್ಮ ಸಾಸಿವೆ ಡಬ್ಬಿಯ ಉಳಿತಾಯ ಜಪಾನಿನಲ್ಲೂ ಇದೆ ನೋಡಿ! ಮಗ ಶಿನ್ನೊಸುಕೆ, ಅವನೇ ಶಿನ್ ಚಾನ್. ಪುಟ್ಟ ಮಗಳು ಹಿಮವಾರಿ. ಜಪಾನಿ ಭಾಷೆಯಲ್ಲಿ ಹಿಮವಾರಿ ಎಂದರೆ ಸೂರ್ಯಕಾಂತಿ. ಮಳೆಗಾಲದಲ್ಲಿ ಗುಂಡ್ಲುಪೇಟೆ ದಾರಿಯ ಹೊಲಗಳನ್ನು ಕಂಡವರಿಗೆ ಆ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಕೊನೆಗೆ ಬಿಳಿ ನಾಯಿ ಶಿರೋ. ಅದನ್ನು ಸುತ್ತಾಡಿಸುತ್ತೇನೆಂದು ಮಾತು ಕೊಟ್ಟ ಶಿನ್ ಚಾನ್ ದಿನವೂ ಮರೆಯುತ್ತಾನೆ.

ಪಾತ್ರ ಹಂಚಿಕೆ

ಪ್ರತಿ ಕುಟುಂಬದಲ್ಲೂ, ಯಾರೂ ಕುಳಿತು ತೀರ್ಮಾನಿಸದೆಯೇ, ಪಾತ್ರಗಳು ಹಂಚಿಹೋಗಿರುತ್ತವೆ. ಒಬ್ಬರು ಬಯ್ಯುವವರು, ಒಬ್ಬರು ಸಮಾಧಾನ ಮಾಡುವವರು, ಒಬ್ಬರು ದುಡಿದು ತಂದು ಸುಮ್ಮನಿರುವವರು. ಮಕ್ಕಳಲ್ಲಿ ಒಬ್ಬ ಜಾಣ, ಇನ್ನೊಬ್ಬ ತುಂಟ, ಮತ್ತೊಬ್ಬಳು ಪಾಪದವಳು. ಹಾಸ್ಯ ಧಾರಾವಾಹಿಗಳು ನಡೆಯುವುದೇ ಇಂಥ ಹಂಚಿಕೆಯ ಮೇಲೆ. 2000ರ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಬಂದ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ನೆನಪಿಸಿಕೊಳ್ಳಿ. ಹೆಂಡತಿಗೆ ಹೆದರುವ ಗಂಡ ಎಂಬ ಒಂದೇ ಎಳೆಯ ಮೇಲೆ ವರ್ಷಗಟ್ಟಲೆ ನಾವು ನಕ್ಕೆವು. ಪಾತ್ರ ಬದಲಾದರೆ ನಗು ನಿಲ್ಲುತ್ತದೆ. ಆದ್ದರಿಂದ ಧಾರಾವಾಹಿಯಲ್ಲಿ ಯಾರೂ ಬದಲಾಗುವಂತಿಲ್ಲ.

ಮನೆಯ ಕಥೆ ಬೇರೆ. ಪಾತ್ರಗಳು ಇರುವುದು ತಪ್ಪಲ್ಲ, ಅವು ಮೈಗೆ ಅಂಟಿಕೊಳ್ಳುವುದು ಅಪಾಯ. ಮೂರನೇ ತರಗತಿಯಲ್ಲಿ 'ಇವನು ಹೀಗೇ' ಎಂದು ಹೆಸರು ಪಡೆದ ಹುಡುಗ ಏಳನೇ ತರಗತಿಯಲ್ಲಿ ಎಷ್ಟು ಬದಲಾದರೂ ಮನೆಯವರ ಕಣ್ಣಿಗೆ ಕಾಣುವುದು ಹಳೆಯ ಹುಡುಗನೇ. ತಟ್ಟೆ ಒಡೆದರೆ ಮೊದಲು ಅವನ ಹೆಸರೇ ಬಾಯಿಗೆ ಬರುತ್ತದೆ. ಒಳ್ಳೆಯದು ಮಾಡಿದಾಗ ಗಮನಿಸುವವರಿಲ್ಲ, ಕೆಟ್ಟದ್ದು ಮಾಡಿದಾಗ ಇಡೀ ಮನೆ ತಿರುಗಿ ನೋಡುತ್ತದೆ. ಮಗುವಿಗೆ ಬೇಕಾಗಿರುವುದು ನಿಮ್ಮ ಗಮನ. ಅದು ಬಯ್ಗುಳದ ರೂಪದಲ್ಲಿ ಮಾತ್ರ ಸಿಗುವುದಾದರೆ ಮಗು ಬಯ್ಗುಳವನ್ನೇ ಸಂಪಾದಿಸುತ್ತದೆ. ಶಿನ್ ಚಾನ್ ಮಾಡುವುದೂ ಇದನ್ನೇ. ತಂಗಿ ಹುಟ್ಟಿದ ಮೇಲೆ ಅವನ ಕಪಿಚೇಷ್ಟೆಯ ಹಿಂದೆ 'ನಾನೂ ಇದ್ದೇನೆ, ನನ್ನನ್ನೂ ನೋಡಿ' ಎಂಬ ಕೂಗು ಎಷ್ಟು ಸಲ ಇರುತ್ತದೆ ಎಂದು ಗಮನಿಸಿ. ನಮ್ಮ ಮನೆಗಳಲ್ಲಿ ಎರಡನೇ ಹೆರಿಗೆಯ ನಂತರ ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡಲು ತೊಡಗುವುದು, ತೊದಲು ಮಾತಾಡುವುದು, ತಾಯಿಯೇ ಉಣ್ಣಿಸಬೇಕೆಂದು ಹಟ ಹಿಡಿಯುವುದು ಇದೇ ಕೂಗಿನ ಬೇರೆ ರೂಪಗಳು.

ಮಾತಿನ ನಾಲ್ಕು ಮುಖವಾಡಗಳು

ವರ್ಜೀನಿಯಾ ಸಟೀರ್ ಎಂಬ ಅಮೆರಿಕದ ಕುಟುಂಬ ಚಿಕಿತ್ಸಕಿ ತಮ್ಮ ಬಳಿ ಬಂದ ಕುಟುಂಬಗಳು ಮಾತಾಡುವ ರೀತಿಯನ್ನು ಗಮನಿಸಿ, ಒತ್ತಡದಲ್ಲಿರುವ ಮನುಷ್ಯ ಸಾಮಾನ್ಯವಾಗಿ ನಾಲ್ಕು ಮುಖವಾಡಗಳಲ್ಲಿ ಒಂದನ್ನು ಹಾಕಿಕೊಳ್ಳುತ್ತಾನೆ ಎಂದು ತೋರಿಸಿದರು. 1972ರಲ್ಲಿ ಪ್ರಕಟವಾದ ಅವರ ಪುಸ್ತಕದ ಈ ವಿಂಗಡಣೆ ಇಂದಿಗೂ ಉಪಯುಕ್ತ. ನೊಹಾರಾ ಮನೆಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಮೊದಲನೆಯದು ದೂಷಿಸುವ ಮುಖವಾಡ. "ಎಲ್ಲ ನಿನ್ನಿಂದಲೇ", "ನೀನು ಯಾವಾಗಲೂ ಹೀಗೇ." ಬೆರಳು ಎದುರಿನವರ ಕಡೆಗೆ, ದನಿ ಮೇಲಕ್ಕೆ. ಮಿಸಾಯೆಯ ಅರ್ಧ ಮಾತು ಇದೇ. ಹೀಗೆ ಕೂಗುವವರು ಗಟ್ಟಿಗರೆಂದು ನಾವು ತಿಳಿಯುತ್ತೇವೆ. ಒಳಗೆ ಅವರು 'ನನ್ನ ಮಾತನ್ನು ಯಾರೂ ಕೇಳುವುದಿಲ್ಲ' ಎಂಬ ಒಂಟಿತನದಲ್ಲಿರುತ್ತಾರೆ. ದಿನವಿಡೀ ಎರಡು ಮಕ್ಕಳೊಂದಿಗೆ ಒಬ್ಬಳೇ ಇರುವ ಆ ತಾಯಿಯ ಕೂಗು ಅದೇ.

ಎರಡನೆಯದು ಓಲೈಸುವ ಮುಖವಾಡ. "ಆಯ್ತು ಬಿಡು, ನನ್ನದೇ ತಪ್ಪು." ಹೆಂಡತಿಯ ಕೋಪ ಕಂಡೊಡನೆ ಹಿರೋಶಿ ಹಲ್ಲು ಕಿರಿದು ಒಪ್ಪಿಕೊಂಡುಬಿಡುತ್ತಾನೆ. ಜಗಳ ಆ ಹೊತ್ತಿಗೆ ನಿಲ್ಲುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ಈ ಮುಖವಾಡ ಹೆಚ್ಚಾಗಿ ಸೊಸೆಯಂದಿರ ಪಾಲಿಗೆ ಬಂದಿದೆ.

ಮೂರನೆಯದು ಉಪದೇಶದ ಮುಖವಾಡ. ಭಾವನೆಯೇ ಇಲ್ಲದ ಲೆಕ್ಕಾಚಾರ. ಮಗು ಅಳುತ್ತಾ ಬಂದರೆ "ಅಳುವುದರಿಂದ ಏನು ಪ್ರಯೋಜನ? ಮೊದಲೇ ಓದಿದ್ದರೆ ಈ ಸ್ಥಿತಿ ಬರುತ್ತಿತ್ತೇ?" ಎನ್ನುವುದು. ನೊಹಾರಾ ಮನೆಯೊಳಗೆ ಇಂಥವರಿಲ್ಲ, ಶಿನ್ ಚಾನ್‌ನ ಗೆಳೆಯ ಕಜಾಮಾ ಮಾತ್ರ ಐದನೇ ವಯಸ್ಸಿಗೇ ದೊಡ್ಡವರಂತೆ ಮಾತಾಡುತ್ತಾನೆ. ನಮ್ಮ ಮನೆಗಳಲ್ಲಿ ವಿದ್ಯಾವಂತ ತಂದೆಯರಿಗೆ ಇದು ಪ್ರಿಯವಾದ ಮುಖವಾಡ. ನಾವು ವೈದ್ಯರೂ ಇದಕ್ಕೆ ಹೊರತಲ್ಲ.

ನಾಲ್ಕನೆಯದು ದಿಕ್ಕು ತಪ್ಪಿಸುವ ಮುಖವಾಡ. ಕೇಳಿದ್ದೊಂದು, ಹೇಳಿದ್ದೊಂದು. ಅಪ್ಪ ಅಮ್ಮ ಜಗಳಕ್ಕೆ ನಿಂತಾಗ ಶಿನ್ ಚಾನ್ ನಡುವೆ ಬಂದು ಕುಣಿದು, ಇಬ್ಬರ ಸಿಟ್ಟನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಜಗಳ ಮರೆತು ಇಬ್ಬರೂ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ನಮಗೆ ನಗು. ಆದರೆ ನಿಜವಾದ ಮನೆಯಲ್ಲಿ ದಂಪತಿಗಳ ಜಗಳವನ್ನು ನಿಲ್ಲಿಸುವ ಕೆಲಸ ಮಗುವಿನ ಹೆಗಲೇರಿದರೆ ಅದು ನಗುವ ವಿಷಯವಲ್ಲ.

ಇವು ನಾಲ್ಕನ್ನೂ ಬಿಟ್ಟು ಐದನೆಯ ದಾರಿಯನ್ನು ಸಟೀರ್ ಹೇಳುತ್ತಾರೆ. ಒಳಗೆ ಇರುವುದು, ಬಾಯಲ್ಲಿ ಬರುವುದು, ಮುಖದಲ್ಲಿ ಕಾಣುವುದು ಮೂರೂ ಒಂದೇ ಆಗಿರುವ ನೇರ ಮಾತು. "ನನಗೆ ಇವತ್ತು ತುಂಬಾ ಸುಸ್ತಾಗಿದೆ, ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳಿ." ಎಷ್ಟು ಸರಳ! ಆದರೆ ಇದನ್ನು ಹೇಳುವ ಬದಲು ಪಾತ್ರೆ ಕುಕ್ಕುವುದು ನಮ್ಮ ಅಭ್ಯಾಸ.

ಪ್ರಶ್ನೆಯಲ್ಲದ ಪ್ರಶ್ನೆ

ಮಾತು ಹೇಗೆ ಮನೆ ಮುರಿಯುತ್ತದೆ ಎಂಬುದನ್ನು ತಿಳಿಯಲು ಜಪಾನಿಗೆ ಹೋಗಬೇಕಾಗಿಲ್ಲ. ನಮ್ಮ ಕಂಸಾಳೆಯವರು ತಲೆಮಾರುಗಳಿಂದ ಹಾಡುತ್ತಿರುವ ಮಲೆ ಮಾದೇಶ್ವರ ಕಾವ್ಯದಲ್ಲಿ ಸಂಕಮ್ಮನ ಕಥೆ ಇದೆ. ಸೋಲಿಗರ ನೀಲೇಗೌಡ ಜೇನು ತರಲು ಕಾಡಿಗೆ ಹೊರಡುವ ಮುನ್ನ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕಾಡುತ್ತಾನೆ. ಅಂಥ ಭಾಷೆ ಕೊಡಲು ಸಂಕಮ್ಮ ಒಪ್ಪುವುದಿಲ್ಲ. ಅವಳನ್ನು ಹಿಂಸಿಸಿ, ಗುಡಿಸಿಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಅವಳನ್ನು ಬಿಡಿಸಲು ಕೊನೆಗೆ ಮಾದಪ್ಪನೇ ಬರಬೇಕಾಯಿತು. ಗಂಡ ಕೇಳಿದ್ದು ಮೇಲ್ನೋಟಕ್ಕೆ ಒಂದು ಮಾತು ಮಾತ್ರ. ಆದರೆ ಆ ಬೇಡಿಕೆಯೊಳಗೆ ಆಪಾದನೆ ಆಗಲೇ ಸೇರಿಕೊಂಡಿತ್ತು. ಭಾಷೆ ಕೊಟ್ಟರೆ ತನ್ನ ಮೇಲಿನ ಸಂಶಯವನ್ನು ತಾನೇ ಒಪ್ಪಿದಂತೆ, ಕೊಡದಿದ್ದರೆ ತಪ್ಪಿತಸ್ಥೆಯಾದಂತೆ.

"ಇಷ್ಟು ಹೊತ್ತು ಎಲ್ಲಿ ಸಾಯ್ತಿದ್ದೆ?", "ನಿಮ್ಮಮ್ಮನ ಮನೆಯಲ್ಲಿ ಇದನ್ನೇ ಕಲಿಸಿದರಾ?", "ನಿನಗೆ ಬುದ್ಧಿ ಇದೆಯಾ?" ಇವೆಲ್ಲ ಅದೇ ಜಾತಿಯ ಪ್ರಶ್ನೆಗಳು. ಏನು ಉತ್ತರ ಕೊಟ್ಟರೂ ಸೋಲೇ. ಇಂಥ ಮಾತು ಕೇಳುತ್ತಾ ಬೆಳೆಯುವ ಮಗು ಉತ್ತರ ಕೊಡುವುದನ್ನೇ ಬಿಡುತ್ತದೆ. ಆಮೇಲೆ ನಾವು "ಏನು ಕೇಳಿದರೂ ಬಾಯೇ ಬಿಡುವುದಿಲ್ಲ" ಎಂದು ದೂರುತ್ತೇವೆ.

ಅಂಚೆಯಣ್ಣನಾದ ಮಗು

ಇನ್ನೊಂದು ರೋಗಕಾರಕ ಪದ್ಧತಿ ನಮ್ಮ ಮನೆಗಳಲ್ಲಿ ಬಹಳ. ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. "ನಿಮ್ಮಪ್ಪನಿಗೆ ಊಟಕ್ಕೆ ಬಾ ಅನ್ನು." "ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ." ಇಬ್ಬರ ನಡುವೆ ಮೂರಡಿ ಅಂತರ, ಮಾತು ಸಾಗಬೇಕಾದದ್ದು ಮಗುವಿನ ಮೂಲಕ. ಅತ್ತೆ ಸೊಸೆ ಜಗಳದಲ್ಲೂ ಇದೇ ವ್ಯವಸ್ಥೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ತ್ರಿಕೋನ ಎಂದು ಕರೆದರು. ಇಬ್ಬರ ನಡುವಿನ ಬಿಸಿ ತಡೆಯಲಾರದೆ ಮೂರನೆಯವರನ್ನು ಎಳೆದುಕೊಳ್ಳುವುದು. ಬಿಸಿ ಹಂಚಿಹೋಗುವುದರಿಂದ ದೊಡ್ಡವರಿಬ್ಬರಿಗೂ ಸ್ವಲ್ಪ ಆರಾಮ, ಸುಡುವುದು ಮೂರನೆಯವರಿಗೆ.

ಒಂದು ಮಾದರಿ ಹೇಳುತ್ತೇನೆ. ಇದು ಯಾವುದೇ ಒಂದು ಮನೆಯದಲ್ಲ, ಹಲವು ಮನೆಗಳು ಸೇರಿದ್ದು. ಒಂಬತ್ತು ವರ್ಷದ ಹುಡುಗನಿಗೆ ತಿಂಗಳುಗಳಿಂದ ಹೊಟ್ಟೆನೋವು. ಬೆಳಿಗ್ಗೆ ಏಳಕ್ಕೆ ಶುರುವಾಗಿ ಹತ್ತರ ಹೊತ್ತಿಗೆ ಇಳಿಯುತ್ತದೆ. ಭಾನುವಾರ ಇರುವುದಿಲ್ಲ. ಜಂತುಹುಳಕ್ಕೆ ಮಾತ್ರೆ ಆಯಿತು, ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಆಯಿತು, ಏನೂ ಇಲ್ಲ. ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ತಂದೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗನಿಗೆ ನೋವು ಬಂದ ದಿನ ಮಾತ್ರ ಅಪ್ಪ ಅಮ್ಮ ಪರಸ್ಪರ ಮಾತಾಡುತ್ತಾರೆ, ಒಂದೇ ಬೈಕಿನಲ್ಲಿ ಆಸ್ಪತ್ರೆಗೆ ಬರುತ್ತಾರೆ. ಈಗ ಹೇಳಿ, ಆ ಹೊಟ್ಟೆನೋವಿಗೆ ಔಷಧಿ ಯಾವುದು?

ನೋವು ಸುಳ್ಳಲ್ಲ

"ಹಾಗಾದರೆ ನಾಟಕವಾಡ್ತಾನೆ ಅನ್ನಿ" ಎಂದು ಕೆಲವು ತಂದೆಯರು ಕೂಡಲೇ ಮಗನ ಕಡೆ ಕೈ ಎತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ನೋವು ನಿಜವಾದದ್ದು. ನಮ್ಮ ಕರುಳಿನ ಗೋಡೆಯಲ್ಲಿ ದಟ್ಟವಾದ ನರಜಾಲವಿದೆ, ಅದಕ್ಕೂ ಮೆದುಳಿಗೂ ಸದಾ ಸಂಪರ್ಕವಿದೆ. ಹೆದರಿಕೆಯಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಎದೆ ಡವಗುಟ್ಟುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ, ಸಾಮಾನ್ಯವಾಗಿ ಅರಿವಿಗೆ ಬಾರದ ಸಣ್ಣ ಹಿಂಡುವಿಕೆಯೂ ನೋವಾಗಿ ತಿಳಿಯುತ್ತದೆ. ಪರೀಕ್ಷೆಗೆ ಮುಂಚೆ ನಿಮಗೆ ಶೌಚಕ್ಕೆ ಅವಸರವಾಗುತ್ತಿದ್ದುದನ್ನು ನೆನಪಿಸಿಕೊಳ್ಳಿ. ಅದು ನಾಟಕವಾಗಿತ್ತೇ?

ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಸಂಗಡಿಗರು 1958ರಲ್ಲಿ ಸಾವಿರ ಶಾಲಾ ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ಹತ್ತಕ್ಕೆ ಒಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವಿತ್ತು. ಅವರಲ್ಲಿ ಬಹುಪಾಲು ಮಕ್ಕಳಲ್ಲಿ ಅಂಗಾಂಗದ ದೋಷವೇನೂ ಸಿಗಲಿಲ್ಲ. ನೋವು ಹೊಕ್ಕಳಿನಿಂದ ದೂರ ಹೋದಷ್ಟೂ ಅಂಗದ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ಆಪ್ಲಿ ಹೇಳಿದ ಸೂತ್ರವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಆದರೆ ಪ್ರತಿ ಹೊಟ್ಟೆನೋವನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕಿ ಕೂರಬಾರದು. ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ಹಸಿರು ಬಣ್ಣದ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು, ಹೊಟ್ಟೆಯ ಬಲಗಡೆ ಒಂದೇ ಜಾಗದಲ್ಲಿ ನೋವು, ಮೂತ್ರ ಮಾಡುವಾಗ ಉರಿ, ಎತ್ತರ ಬೆಳೆಯದಿರುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರಿಗೆ ತೋರಿಸಿ. ಇವು ಯಾವುವೂ ಇಲ್ಲವೆಂದು ಖಚಿತವಾದ ಮೇಲೆ ಮನೆಯ ಕಡೆ ನೋಡಬೇಕು. ದೊಡ್ಡವರಿಗೂ ಇದೇ ಮಾತು. ತಲೆಯ ಸುತ್ತ ಪಟ್ಟಿ ಬಿಗಿದಂಥ ನೋವು, ಕತ್ತಿನ ಸೆಳೆತ, ನಿದ್ರಾಹೀನತೆ, ಏರುವ ರಕ್ತದೊತ್ತಡ ಇವಕ್ಕೆ ಮಾತ್ರೆಯ ಜೊತೆಗೆ ಮನೆಯ ಮಾತಿನ ಧಾಟಿಯನ್ನೂ ವಿಚಾರಿಸಬೇಕು.

ತಲೆಯ ಬುಗುಟು

ಶಿನ್ ಚಾನ್ ಮಿತಿ ಮೀರಿದಾಗ ಮಿಸಾಯೆ ಮುಷ್ಟಿಯಿಂದ ತಲೆಗೆ ಗುದ್ದುತ್ತಾಳೆ. ತಲೆಯ ಮೇಲೆ ಕಿತ್ತಳೆ ಗಾತ್ರದ ಬುಗುಟು ಏಳುತ್ತದೆ, ಮುಂದಿನ ದೃಶ್ಯದಲ್ಲಿ ಮಾಯವಾಗುತ್ತದೆ. ನಿಜವಾದ ಮಗುವಿನ ಬುಗುಟು ಇಳಿಯಲು ದಿನಗಳು ಬೇಕು, ಒಳಗಿನದು ಇಳಿಯಲು ವರ್ಷಗಳು. ಶಾಲೆಯಲ್ಲಿ ಮಕ್ಕಳನ್ನು ದೈಹಿಕವಾಗಿ ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲೂ ಅದೇ ನಿಯಮ ಪಾಲಿಸುವುದು ಒಳ್ಳೆಯದು. ಪುಟ್ಟ ಮಕ್ಕಳ ಕೆನ್ನೆಗೆ, ಕಿವಿಗೆ ಹೊಡೆದು ಕಿವಿಯ ತಮಟೆ ಹರಿದುಹೋಗಬಹುದು. ಎಳೆಗೂಸನ್ನು ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಕಾರ್ಟೂನು ಮಕ್ಕಳನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ 1961ರಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು, ಅವಕಾಶ ಸಿಕ್ಕಾಗ ಅದೇ ರೀತಿ, ಅದೇ ಮಾತು ಆಡುತ್ತಾ ಹೊಡೆದರು. 1963ರಲ್ಲಿ ಅದನ್ನೇ ಚಲನಚಿತ್ರವಾಗಿ, ಕಾರ್ಟೂನಿನ ವೇಷದಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. ಅಂದರೆ ಟಿವಿಯಿಂದ ಮಗು ಕಲಿಯುತ್ತದೆ, ನಿಜ. ಆದರೆ ಟಿವಿ ದಿನಕ್ಕೆ ಒಂದೆರಡು ಗಂಟೆ, ನೀವು ದಿನವಿಡೀ. ಮನೆಯಲ್ಲಿ ದಿನವೂ ಕಾಣುವ ದೊಡ್ಡವರಿಗಿಂತ ಹೆಚ್ಚು ಪ್ರಬಲವಾದ ಮಾದರಿ ಮಗುವಿಗೆ ಯಾವುದಿದೆ?

ಅವಧಿಯ ವಿಷಯದಲ್ಲಿ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ನೀಡಿದ ಸಲಹೆ ಸ್ಪಷ್ಟ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲು ಬೇಡವೇ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರ ಜೊತೆಯಲ್ಲಿ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ನಿದ್ದೆ, ಆಟ, ಓದು, ಮನೆಯವರೊಡನೆ ಒಡನಾಟ ಇವುಗಳ ಪಾಲನ್ನು ಪರದೆ ಕಸಿಯಬಾರದು. ಊಟದ ಹೊತ್ತಿಗೆ ಟಿವಿ, ಮೊಬೈಲು ಎರಡೂ ಆರಿರಲಿ.

ಕುಡಿತವಿರುವ ಮನೆಯಲ್ಲಿ

ಹಿರೋಶಿಯ ಬಿಯರು ಕಾರ್ಟೂನಿನಲ್ಲಿ ನಗೆಯ ವಸ್ತು. ಅಮೆರಿಕದ 'ಸಿಂಪ್ಸನ್ಸ್' ಎಂಬ ಇನ್ನೊಂದು ಪ್ರಸಿದ್ಧ ಕಾರ್ಟೂನು ಕುಟುಂಬ 1989ರಿಂದ ಟಿವಿಯಲ್ಲಿದೆ. ಅಲ್ಲಿಯ ತಂದೆಯೂ ಬಿಯರ್ ಪ್ರಿಯ. ಕುಡಿತವಿರುವ ಮನೆಗಳಲ್ಲಿ ಮಕ್ಕಳ ಪಾತ್ರಗಳು ಹೇಗೆ ಗಟ್ಟಿಯಾಗುತ್ತವೆ ಎಂಬುದನ್ನು ಶಾರನ್ ವೆಗ್‌ಶೈಡರ್ ಎಂಬ ಅಮೆರಿಕದ ಚಿಕಿತ್ಸಕಿ 1981ರಲ್ಲಿ ವಿವರಿಸಿದ್ದರು. ಒಂದು ಮಗು ಎಲ್ಲದರಲ್ಲೂ ಮೊದಲು ಬಂದು ಮನೆಯ ಮಾನ ಕಾಯುತ್ತದೆ, ಒಂದು ಪುಂಡನೆನಿಸಿಕೊಂಡು ಎಲ್ಲರ ಸಿಟ್ಟಿಗೆ ಗುರಿಯಾಗುತ್ತದೆ, ಒಂದು ಸದ್ದಿಲ್ಲದೆ ಮೂಲೆ ಸೇರುತ್ತದೆ, ಒಂದು ನಗಿಸುತ್ತಾ ಬಿಸಿ ಆರಿಸುತ್ತದೆ. ತಾಯಿ ಎಲ್ಲವನ್ನೂ ಮುಚ್ಚಿ ಸಾಗಿಸುತ್ತಾಳೆ. ಸಿಂಪ್ಸನ್ ಮನೆಯ ಜಾಣೆ ಲೀಸಾ, ಪುಂಡ ಬಾರ್ಟ್, ಮಾತಿಲ್ಲದ ಕೂಸು ಮ್ಯಾಗಿ, ಎಲ್ಲವನ್ನೂ ಸಹಿಸುವ ತಾಯಿ ಮಾರ್ಜ್ ಇವರನ್ನು ನೋಡಿದವರಿಗೆ ಈ ಪಟ್ಟಿ ಕೂಡಲೇ ಅರ್ಥವಾಗುತ್ತದೆ.

ನಮ್ಮ ಹಳ್ಳಿ, ಪೇಟೆಗಳ ಎಷ್ಟೋ ಮನೆಗಳಲ್ಲಿ ಸಂಜೆಯಾದೊಡನೆ ಬಾಗಿಲಿನ ಕಡೆಗೇ ಕಿವಿಯಿಟ್ಟು, ಹೆಜ್ಜೆಯ ಸದ್ದಿನಿಂದಲೇ ಅಪ್ಪ ಇವತ್ತು ಹೇಗಿದ್ದಾನೆಂದು ಅಳೆಯುವ ಮಕ್ಕಳಿದ್ದಾರೆ. ಅವರಲ್ಲಿ ನಾವು ಹೆಚ್ಚು ಚಿಂತಿಸಬೇಕಾದದ್ದು ಪುಂಡನ ಬಗ್ಗೆ ಮಾತ್ರವಲ್ಲ, "ಇವಳಿಂದ ಒಂದು ತೊಂದರೆಯೂ ಇಲ್ಲ" ಎನಿಸಿಕೊಂಡ ಹುಡುಗಿಯ ಬಗ್ಗೆಯೂ. ಅವಳು ಏನನ್ನೂ ಕೇಳುವುದಿಲ್ಲ, ಕೇಳಿ ಪ್ರಯೋಜನವಿಲ್ಲವೆಂದು ಕಲಿತುಬಿಟ್ಟಿದ್ದಾಳೆ. ಕುಡಿತ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟಷ್ಟೂ ಮಕ್ಕಳ ಬೆನ್ನಿನ ಹೊರೆ ಹೆಚ್ಚುತ್ತದೆ.

ಆ ಮನೆಯಿಂದ ಕಲಿಯುವುದೂ ಇದೆ

ನೊಹಾರಾ ಮನೆಯಲ್ಲಿ ಬರೀ ದೋಷಗಳೇ ಇಲ್ಲ. ಎಷ್ಟೇ ಜಗಳವಾಗಲಿ, ರಾತ್ರಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುತ್ತಾರೆ. ಎಷ್ಟೇ ಸುಸ್ತಾಗಿರಲಿ, ತಂದೆ ಮಗನ ಜೊತೆ ಕುಸ್ತಿ ಆಡುತ್ತಾನೆ. ಯಾರಿಗಾದರೂ ಕಷ್ಟ ಬಂದರೆ ನಾಯಿಯೂ ಸೇರಿ ಎಲ್ಲರೂ ಒಂದಾಗುತ್ತಾರೆ. ಮಗ ತಾಯಿಗೆ ಹೆದರಿ ಸುಳ್ಳು ಹೇಳುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಹೇಳಿ ಪೆಟ್ಟು ತಿನ್ನುವುದೇ ಹೆಚ್ಚು. ಮಾತಾಡಲು ಹೆದರದ ಮಗು ಮುಂದೆ ದೊಡ್ಡ ಆಪತ್ತು ಬಂದಾಗಲೂ ಮನೆಯಲ್ಲಿ ಬಾಯಿ ಬಿಡುತ್ತದೆ.

ಇನ್ನೊಂದು ಸಣ್ಣ ವಿಷಯ. ಜಪಾನಿನಲ್ಲಿ ಮನೆಗೆ ಬಂದವರು 'ತದೈಮಾ' ಎನ್ನಬೇಕು, 'ಬಂದೆ' ಎಂದರ್ಥ. ಒಳಗಿದ್ದವರು 'ಒಕಾಯೆರಿ' ಎನ್ನಬೇಕು, 'ಬಾ' ಎಂದು ಬರಮಾಡಿಕೊಂಡಂತೆ. ಶಿನ್ ಚಾನ್ ದಿನವೂ ಬಾಗಿಲಲ್ಲಿ ನಿಂತು ತಾನೇ 'ಒಕಾಯೆರಿ' ಎನ್ನುತ್ತಾನೆ, ತಾಯಿ ದಿನವೂ ತಿದ್ದುತ್ತಾಳೆ. ತಪ್ಪೋ ಸರಿಯೋ, ಮನೆಗೆ ಬಂದ ಮಗುವಿನ ಕಿವಿಗೆ ಮೊದಲು ಬೀಳುವುದು ಒಂದು ಸ್ವಾಗತದ ಮಾತು. ನಮ್ಮಲ್ಲಿ 'ಹೋಗಿ ಬರ್ತೀನಿ', 'ಹೋಗಿ ಬಾ' ಎಂಬ ಸೊಗಸಾದ ವಾಡಿಕೆ ಇದೆ. ಆದರೆ ಶಾಲೆಯಿಂದ ಬಂದ ಮಗುವಿಗೆ ನಾವು ಮೊದಲು ಕೇಳುವುದು "ಎಷ್ಟು ಮಾರ್ಕ್ಸ್ ಬಂತು?"

ಏನು ಮಾಡಬೇಕು?

1. ಮನೆಗೆ ಬಂದವರನ್ನು ಮೊದಲು ಹೆಸರಿಡಿದು ಕರೆದು ಮಾತಾಡಿಸಿ. ಅಂಕ, ಲೆಕ್ಕ, ದೂರು ಹತ್ತು ನಿಮಿಷ ಕಾಯಲಿ.

2. 'ಯಾವಾಗಲೂ', 'ಎಂದೂ', 'ನೀನು ಹೀಗೇ' ಎಂಬ ಮಾತುಗಳನ್ನು ಒಂದು ವಾರ ಬಿಟ್ಟು ನೋಡಿ. "ನೀನು ಸೋಮಾರಿ" ಎನ್ನುವ ಬದಲು "ಚೀಲ ಇನ್ನೂ ಅಲ್ಲೇ ಇದೆ, ಎತ್ತಿಡು" ಎನ್ನಿ. ಬಯ್ಯುವುದಾದರೆ ಕೆಲಸವನ್ನು ಬಯ್ಯಿರಿ, ಮಗುವನ್ನಲ್ಲ.

3. ಗಂಡ ಹೆಂಡತಿಗೆ, ಅತ್ತೆ ಸೊಸೆಗೆ ಹೇಳಬೇಕಾದ ಮಾತನ್ನು ನೇರವಾಗಿ ಹೇಳಿ. ಮಗುವಿನ ಕೈಯಲ್ಲಿ ಹೇಳಿಕಳುಹಿಸಬೇಡಿ. ಮಕ್ಕಳ ಮುಂದೆ ಜಗಳವಾದರೆ, ರಾಜಿಯೂ ಮಕ್ಕಳ ಮುಂದೆಯೇ ಆಗಲಿ. ಜಗಳ ಮುಗಿಯುತ್ತದೆ ಎಂಬುದು ಮಗುವಿಗೆ ತಿಳಿಯಬೇಕು.

4. ಬೇಕಾದುದನ್ನು ಬೇಕು ಎಂದೇ ಕೇಳಿ. "ನನ್ನ ಕಷ್ಟ ಯಾರಿಗೆ ತಿಳಿಯುತ್ತೆ" ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

5. ಪ್ರತಿ ಮಗುವಿಗೂ ದಿನಕ್ಕೆ ಹತ್ತು ನಿಮಿಷ ನಿಮ್ಮ ಪೂರ್ಣ ಗಮನ ಕೊಡಿ. ಆ ಹೊತ್ತಿನಲ್ಲಿ ಉಪದೇಶ ಬೇಡ, ಕೇಳಿಸಿಕೊಳ್ಳಿ ಸಾಕು.

6. ಪಾತ್ರಗಳನ್ನು ಆಗಾಗ ಅದಲುಬದಲು ಮಾಡಿ. ತುಂಟನಿಗೆ ಜವಾಬ್ದಾರಿಯ ಕೆಲಸ ಕೊಡಿ, ಜಾಣೆಗೆ ಆಡಿಕೊಂಡಿರಲು ಬಿಡಿ. ಭಾನುವಾರ ತಂದೆ ಅಡುಗೆ ಮಾಡಲಿ, ತಾಯಿ ಕುಳಿತು ಪತ್ರಿಕೆ ಓದಲಿ.

7. ಕಾರ್ಟೂನನ್ನು ಮಕ್ಕಳೊಡನೆ ಕುಳಿತು ನೋಡಿ. "ಆ ಅಮ್ಮ ಏಕೆ ಸಿಟ್ಟಾದಳು? ನೀನಾಗಿದ್ದರೆ ಏನು ಹೇಳುತ್ತಿದ್ದೆ?" ಎಂದು ಕೇಳಿ. ತನ್ನ ಮನೆಯ ಬಗ್ಗೆ ಹೇಳಲಾರದ್ದನ್ನು ಮಗು ಶಿನ್ ಚಾನ್ ಮನೆಯ ನೆಪದಲ್ಲಿ ಹೇಳಿಬಿಡುತ್ತದೆ.

ವೈದ್ಯರ ನೆರವು ಯಾವಾಗ?

ಮಗು ಊಟ, ನಿದ್ದೆ, ಆಟ ಬಿಟ್ಟು ಎರಡು ವಾರವಾಗಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, 'ನಾನು ಇರಬಾರದಿತ್ತು' ಎಂಬಂಥ ಮಾತಾಡಿದರೆ ತಡ ಮಾಡಬೇಡಿ. ಕೊನೆಯ ಎರಡರಲ್ಲಿ ಅದೇ ದಿನ ತೋರಿಸಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತಿಡಿ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರ ಸೇವೆ ಲಭ್ಯವಿದೆ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ, ಎಲ್ಲಿ ಎಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನೇ ಕೂರಿಸಿ ಚಿಕಿತ್ಸೆ ಕೊಡುವ ಪ್ರತ್ಯೇಕ ಕುಟುಂಬ ಮನೋವೈದ್ಯ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ಹಿಂಸೆ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಕೊನೆಯ ಮಾತು. ಶಿನ್ ಚಾನ್ ಟಿವಿಗೆ ಬಂದು ಮೂವತ್ತು ವರ್ಷ ಮೀರಿದೆ, ಅವನಿಗೆ ಇನ್ನೂ ಐದೇ ವರ್ಷ. ತಂದೆಯ ಸಾಲದ ಕಂತುಗಳೂ ಹಾಗೆಯೇ ಇವೆ. ಇಂದು ಗುದ್ದಿದರೂ ನಾಳೆ ಎಲ್ಲ ಮೊದಲಿನಂತೆಯೇ ಇರುತ್ತದೆ. ನಿಮ್ಮ ಮನೆಯ ಐದು ವರ್ಷದ ಮಗುವಿಗೆ ಮುಂದಿನ ವರ್ಷ ಆರು ತುಂಬುತ್ತದೆ. ಅದು ನಿಮ್ಮ ಮಾತುಗಳನ್ನು ಜೊತೆಗೆ ತೆಗೆದುಕೊಂಡೇ ಬೆಳೆಯುತ್ತದೆ, ನಾಳೆ ತನ್ನ ಮಕ್ಕಳಿಗೂ ಅದೇ ಮಾತನ್ನು ಆಡುತ್ತದೆ. ಇವತ್ತು ಸಂಜೆ ಊಟಕ್ಕೆ ಕುಳಿತಾಗ ಟಿವಿ ಆರಿಸಿ, ಒಬ್ಬೊಬ್ಬರನ್ನೂ "ಇವತ್ತು ಹೇಗಿತ್ತು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.